“ಅವರವರ ಇಷ್ಟ ಮಿಸ್” ಅಂದುಬಿಟ್ಟರೆ ಮಾತು ಮುಂದುವರಿಸುವುದು ಹೇಗೆ?

ಕಪ್ಪುಬಿಳಿ_ಮನೆ:

ಎಲ್ಲರಿಗೂ ನಮಸ್ಕಾರ. ನಾನು ಪಿಯಾನೊ ಕಲಿಸುತ್ತೇನೆ. ಹದಿಮೂರರಿಂದ ಹದಿನೇಳು ವರ್ಷದ ಆರು ಮಕ್ಕಳ ಒಂದು ಗುಂಪಿದೆ. ವಾರಕ್ಕೊಂದು ದಿನ ಆರೂ ಜನ ಒಟ್ಟಿಗೆ ಬರುತ್ತಾರೆ. ಅವತ್ತು ನುಡಿಸುವುದು ಕಡಿಮೆ. ಕೇಳುವುದು, ಮಾತಾಡುವುದು ಜಾಸ್ತಿ.

ಹೋದ ತಿಂಗಳು ಒಂದು ಪ್ರಯೋಗ ಮಾಡಿದೆ. ಬಾಖ್ ಅವರ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಅನ್ನುವ ಕೃತಿ ಶುರುವಾಗುವುದು ಆರಿಯಾ ಅನ್ನುವ ಒಂದು ಚಿಕ್ಕ ತುಣುಕಿನಿಂದ. ಪಿಯಾನೊ ವಾದಕ ಗ್ಲೆನ್ ಗೂಲ್ಡ್ ಅದನ್ನು 1955ರಲ್ಲಿ ಒಮ್ಮೆ, 1981ರಲ್ಲಿ ಇನ್ನೊಮ್ಮೆ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದರು. ಎರಡನ್ನೂ ಹೆಸರು ಹೇಳದೆ ಹಾಕಿದೆ. ಮೊದಲನೆಯದು ಎರಡು ನಿಮಿಷದೊಳಗೆ ಮುಗಿದುಹೋಗುತ್ತದೆ. ಎರಡನೆಯದಕ್ಕೆ ಸುಮಾರು ಮೂರು ನಿಮಿಷ ಬೇಕು. ಎರಡರಲ್ಲೂ ಯಾವ ಭಾಗವನ್ನೂ ಮತ್ತೆ ನುಡಿಸಿಲ್ಲ. ಅದೇ ಸ್ವರ, ಅದೇ ಪುಟ.

“ಮೊದಲನೆಯವರು ಎಲ್ಲಿಗೋ ಹೊರಟಿದ್ದಾರೆ. ಎರಡನೆಯವರು ಬಂದು ಕೂತಿದ್ದಾರೆ” ಅಂದಳು ಒಬ್ಬಳು. ಇಬ್ಬರೂ ಒಬ್ಬರೇ ಕಣ್ರೋ, ಆಗ ಅವರಿಗೆ 22 ವರ್ಷ, ಆಮೇಲೆ 48 ಅಂದೆ. ಎಲ್ಲರೂ ಸುಮ್ಮನಾದರು. ಈಗ ಮಾತು ಹತ್ತಿಕೊಳ್ಳುತ್ತದೆ ಅಂತ ನನಗೆ ಖುಷಿ. ಹಾಗಾದರೆ ಬಾಖ್ ಬರೆದ ಆರಿಯಾ ಯಾವುದು? ಇದಾ, ಅದಾ? ಎರಡೂನಾ? ಅಥವಾ ಕಾಗದದ ಮೇಲೆ ಇರುವುದು ಮಾತ್ರವಾ? ಅಂತ ಕೇಳಿದೆ.

“ಅವರವರ ಇಷ್ಟ ಮಿಸ್.”

ಉಳಿದ ಐವರೂ ಹೌದು ಹೌದು ಅಂತ ತಲೆಯಾಡಿಸಿದರು. ಅಲ್ಲಿಗೆ ಮುಗಿಯಿತು.

ನನಗೆ ಅರ್ಥವಾಗದೇ ಇರುವುದು ಏನೆಂದರೆ, ಇದೇ ಮಕ್ಕಳು ಜೋಗುಳವನ್ನು ಯಾರಾದರೂ ಕವಾಯತಿನ ಹಾಗೆ ಬಡಿದರೆ ಬಿದ್ದು ಬಿದ್ದು ನಗುತ್ತಾರೆ. ಅಂದರೆ ಎಲ್ಲವೂ ಅವರವರ ಇಷ್ಟ ಅಂತ ಅವರೂ ನಂಬಿಲ್ಲ. ಆದರೂ ಪ್ರಶ್ನೆ ಕೇಳಿದ ಕೂಡಲೇ ಆ ಮಾತಿನ ಹಿಂದೆ ಹೋಗಿ ಕೂತುಬಿಡುತ್ತಾರೆ. ನಿಮ್ಮ ತರಗತಿಯಲ್ಲೂ ಹೀಗೆ ಆಗುತ್ತದಾ? ಏನು ಮಾಡುತ್ತೀರಿ? ಇಂಥ ಪ್ರಶ್ನೆಗಳನ್ನು ಈ ವಯಸ್ಸಿನವರಿಗೆ ಕೇಳುವುದು ಸರಿಯೇ ಅನ್ನುವುದನ್ನೂ ಹೇಳಿ.


ಮಂದ್ರ_ಷಡ್ಜ:

ನಾನು ಹಾಡುಗಾರಿಕೆ ಕಲಿಸುವವನು, ಮೂವತ್ತು ವರ್ಷದ ಮೇಲಾಯಿತು. ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ ಮೇಡಂ. ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ: ಇನ್ನೂ ಹೊತ್ತಾಗಿಲ್ಲ.

ಹಾಡ್ತಾ ಹಾಡ್ತಾ ರಾಗ ಅಂತಾರಲ್ವಾ. ಮೊದಲು ಕೈ ಪಳಗಲಿ, ಕಂಠ ಪಳಗಲಿ. ಹದಿಮೂರು ವರ್ಷದ ಹುಡುಗ “ಇದು ನನ್ನ ರೀತಿ” ಅಂದಾಗ ಹತ್ತಿರ ಹೋಗಿ ಕೇಳಿದ್ದೇನೆ. ಬಹಳ ಸಲ ಅದು ರೀತಿಯಲ್ಲ. ಅಲ್ಲೊಂದು ಕಷ್ಟದ ಜಾಗ ಇರುತ್ತದೆ. ನಾಲಿಗೆ ಹೊರಳುವುದಿಲ್ಲ, ಅದಕ್ಕೆ ನಿಧಾನ ಮಾಡಿಕೊಂಡಿರುತ್ತಾನೆ. ಬರದೇ ಇರುವುದಕ್ಕೂ ಬೇಡ ಅಂತ ಬಿಟ್ಟಿದ್ದಕ್ಕೂ ವ್ಯತ್ಯಾಸ ಇದೆ. ಎರಡೂ ರೀತಿಯಲ್ಲಿ ಹಾಡಲು ಬರುವವನು ಮಾತ್ರ ಒಂದನ್ನು ಆರಿಸಿಕೊಂಡೆ ಅನ್ನಬಹುದು.

ನಮ್ಮ ಗುರುಗಳು ಹತ್ತು ವರ್ಷ ಒಂದು ಪ್ರಶ್ನೆ ಕೇಳಲು ಬಿಡಲಿಲ್ಲ. ಆಗ ಸಿಟ್ಟು ಬರುತ್ತಿತ್ತು. ಆ ಹತ್ತು ವರ್ಷದ ಗಳಿಕೆಯಲ್ಲೇ ಇವತ್ತಿಗೂ ನಾನು ಹಾಡುತ್ತಿದ್ದೇನೆ.


ಎಡಗೈ_ಪಿಟೀಲು:

ಮಂದ್ರ ಅವರ ಮಾತಿನ ಅರ್ಧ ನನಗೆ ಪೂರ್ತಿ ಒಪ್ಪಿಗೆ. ಬರದೇ ಇರುವುದನ್ನು “ನನ್ನ ಶೈಲಿ” ಅನ್ನುವುದು ನನ್ನ ತರಗತಿಯಲ್ಲೂ ನಡೆಯುತ್ತದೆ. ಆದರೆ ಪ್ರಶ್ನೆಯನ್ನು ಹತ್ತು ವರ್ಷ ಮುಂದೂಡಿದರೆ ಕೇಳುವ ಅಭ್ಯಾಸವೇ ತಪ್ಪಿಹೋಗುವವರು ಇದ್ದಾರಲ್ಲ? ಅವರು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಯಾಕೆಂದರೆ ಬಿಟ್ಟು ಹೋಗಿರುತ್ತಾರೆ.

ಕಪ್ಪುಬಿಳಿ ಅವರೇ, ನಿಮ್ಮ ಪ್ರಶ್ನೆ ಚೆನ್ನಾಗಿದೆ, ಆದರೆ ತೀರಾ ದೊಡ್ಡದು. “ಬಾಖ್ ಬರೆದ ಆರಿಯಾ ಯಾವುದು” ಅಂದರೆ ಹಿಡಿದುಕೊಳ್ಳಲು ಹಿಡಿಯೇ ಇಲ್ಲ. ದೊಡ್ಡವರೂ ಜಾರಿಕೊಳ್ಳುತ್ತಾರೆ. ಒಂದೇ ಒಂದು ಬಾರ್‌ಗೆ ಇಳಿಸಿ ನೋಡಿ. ಬಾರ್ ಅಂದರೆ ಬರಹದಲ್ಲಿ ಎರಡು ಗೆರೆಗಳ ನಡುವಿನ ತಾಳದ ಒಂದು ತುಂಡು. ನಿಮ್ಮ ಹತ್ತಿರ ಪಿಯಾನೊ ಇರುವುದರಿಂದ ಒಂದು ಒಳ್ಳೆ ಉದಾಹರಣೆ ಕೊಡುತ್ತೇನೆ.

ಬಾಖ್ ಅವರ ವೆಲ್ ಟೆಂಪರ್ಡ್ ಕ್ಲೇವಿಯರ್ ಮೊದಲ ಭಾಗ, 1722ರದ್ದು. ಅದರ ಮೊದಲನೇ ಪ್ರಿಲ್ಯೂಡ್, ಸಿ ಮೇಜರ್. ನಿಮ್ಮ ಮಕ್ಕಳಲ್ಲಿ ಹೆಚ್ಚಿನವರು ನುಡಿಸಿರುತ್ತಾರೆ. ಅದರಲ್ಲಿ ಇರುವುದು 35 ಬಾರ್. ಆದರೆ ಕೆಲವು ಹಳೆಯ ಮುದ್ರಣಗಳಲ್ಲಿ ಎಣಿಸಿದರೆ 36 ಸಿಗುತ್ತದೆ. 22ಕ್ಕೂ 23ಕ್ಕೂ ನಡುವೆ ಒಂದು ಬಾರ್ ಜಾಸ್ತಿ. ಅದನ್ನು ಸೇರಿಸಿದವರು ಶ್ವೆಂಕೆ ಅನ್ನುವ ಸಂಗೀತಗಾರ ಅಂತ ಹೇಳುತ್ತಾರೆ. ಬಾಖ್ ಅವರ ಕೈಬರಹದಲ್ಲಿ ಆ ಬಾರ್ ಇಲ್ಲ. ಆಮೇಲೆ 1850ರ ದಶಕದಲ್ಲಿ ಫ್ರೆಂಚ್ ಸಂಗೀತಗಾರ ಗೂನೊ ಇದೇ ಪ್ರಿಲ್ಯೂಡ್ ಮೇಲೆ ತಮ್ಮ ಪ್ರಸಿದ್ಧ ಆವೆ ಮರಿಯಾ ರಾಗ ಕಟ್ಟಿದರು. ಅದರಲ್ಲೂ ಆ ಹೆಚ್ಚಿನ ಬಾರ್ ಇದೆ. ಹಾಗಾಗಿ ಬಾಖ್ ಬರೆಯದ ಒಂದು ಬಾರ್ ಲಕ್ಷಾಂತರ ಜನರ ಕಿವಿಯಲ್ಲಿ ಬಾಖ್ ಆಗಿ ಕೂತಿದೆ.

ಈಗ ಎಡಗೈ ಮಾತ್ರ ನುಡಿಸಿ. 22ನೇ ಬಾರ್‌ನಲ್ಲಿ ಕೆಳಗಿನ ಸ್ವರ ಎಫ್ ಶಾರ್ಪ್. 23ರಲ್ಲಿ ಎ ಫ್ಲಾಟ್. 24ರಲ್ಲಿ ಜಿ. ಕೀಬೋರ್ಡ್ ಮೇಲೆ ನೋಡಿದರೆ ಎರಡು ಕಪ್ಪು ಮನೆ, ನಡುವೆ ಒಂದೇ ಒಂದು ಬಿಳಿ ಮನೆ. ಬಾಖ್ ಆ ಬಿಳಿ ಮನೆಯನ್ನು ದಾಟಿ ಆಚೆ ಹಾರುತ್ತಾರೆ, ಆಮೇಲೆ ತಿರುಗಿ ಬಂದು ಅದರ ಮೇಲೆ ಕೂರುತ್ತಾರೆ. ಸೇರಿಸಿದ ಬಾರ್ ಏನು ಮಾಡುತ್ತದೆ ಗೊತ್ತಾ? ನಡುವೆ ಒಂದು ಜಿ ಇಡುತ್ತದೆ. ಹಾರಬೇಕಾದ ಕಡೆ ಮೆಟ್ಟಿಲು ಕಟ್ಟಿದ ಹಾಗೆ.

ಎರಡನ್ನೂ ನುಡಿಸಿ, ಯಾವುದು ಬಾಖ್ ಅಂತ ಹೇಳಬೇಡಿ. “ಇಲ್ಲಿ ಯಾರೋ ಒಂದು ಬಾರ್ ಸೇರಿಸಿದ್ದಾರೆ ಅಥವಾ ಯಾರೋ ಒಂದು ಬಾರ್ ಬಿಟ್ಟಿದ್ದಾರೆ. ಯಾವುದು ನಡೆದಿರಬಹುದು?” ಅಂತಷ್ಟೇ ಕೇಳಿ. “ಅವರವರ ಇಷ್ಟ” ಅನ್ನಲು ಆಗುವುದೇ ಇಲ್ಲ, ಯಾಕೆಂದರೆ ಆದದ್ದು ಎರಡರಲ್ಲಿ ಒಂದೇ. ಕಾರಣ ಹುಡುಕಲೇಬೇಕು. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮೊದಲು ಮೆಟ್ಟಿಲು ಇರುವುದೇ ಮೂಲ ಅಂದರು. ನಿಜ ಗೊತ್ತಾದ ಮೇಲೆ ಹತ್ತು ನಿಮಿಷ ಜಗಳ ನಡೆಯಿತು. “ಬಾಖ್ ಬರೆದಿಲ್ಲ ಅಂದಮೇಲೆ ತೆಗೆಯಿರಿ” ಅಂದವರು ಕೆಲವರು. “ಹಾಗಾದರೆ ಇಷ್ಟು ದಿನ ಕೇಳಿ ಕಣ್ಣಲ್ಲಿ ನೀರು ಬಂದದ್ದು ಸುಳ್ಳಾ?” ಅಂದ ಒಬ್ಬ. ಇದಕ್ಕಿಂತ ಒಳ್ಳೆಯ ತತ್ವಶಾಸ್ತ್ರದ ಪ್ರಶ್ನೆಯನ್ನು ನಾನು ಕೇಳುವುದಕ್ಕೆ ಆಗುತ್ತಿರಲಿಲ್ಲ. ಅವನೇ ಕೇಳಿದ.


ಬರೀ_ಕೇಳುಗ:

ನಾನು ನುಡಿಸುವವನಲ್ಲ, ಕೇಳುವವನು. ಈಗಷ್ಟೇ ಎರಡನ್ನೂ ಹುಡುಕಿ ಹಾಕಿಕೊಂಡು ಕೇಳಿದೆ. ಮೆಟ್ಟಿಲು ಇಲ್ಲದ್ದನ್ನು ಕೇಳುವಾಗ ಎದೆ ಒಂದು ಸಲ ಧಸಕ್ ಅಂತು. ಧನ್ಯವಾದ.


ಪಾಠಾಂತರ:

ಎಡಗೈ ಅವರ ಉದಾಹರಣೆ ತುಂಬಾ ಇಷ್ಟವಾಯಿತು. ಅದಕ್ಕೆ ಪಕ್ಕದಲ್ಲಿ ಇಡಲು ನಮ್ಮ ಕಡೆಯಿಂದಲೂ ಒಂದೆರಡು ವಿಷಯ.

ಬಾಖ್ ವಿಷಯದಲ್ಲಿ ಕಡೆಗೆ ತೆಗೆದು ನೋಡಲು ಒಂದು ಕೈಬರಹ ಇದೆ. ನಮ್ಮಲ್ಲಿ ಬಹಳ ಸಲ ಅದೂ ಇಲ್ಲ. ತ್ಯಾಗರಾಜರ (1767–1847) ಕೃತಿಗಳು ನಮಗೆ ಬಂದದ್ದು ಶಿಷ್ಯರ ಬಾಯಿಂದ. ಒಂದೊಂದು ಶಿಷ್ಯ ಪರಂಪರೆಯಲ್ಲಿ ಸಂಗತಿಗಳು, ಅಂದರೆ ಒಂದೇ ಸಾಲನ್ನು ಬೆಳೆಸಿ ಹಾಡುವ ಬಗೆಗಳು, ಬೇರೆ ಬೇರೆ. ಯಾವ ಸಂಗತಿ ಅವರದ್ದು, ಯಾವುದನ್ನು ಶಿಷ್ಯರು ಸೇರಿಸಿದರು ಅಂತ ಬಿಡಿಸಿ ಹೇಳುವುದು ಎಷ್ಟೋ ಕಡೆ ಆಗದ ಕೆಲಸ. ನಮ್ಮಲ್ಲಿ ಅದಕ್ಕೊಂದು ಶಬ್ದವೇ ಇದೆ, ಪಾಠಾಂತರ. ನನ್ನ ಹೆಸರು ಅಲ್ಲಿಂದಲೇ ಬಂದದ್ದು. ಆ ಶಬ್ದದಲ್ಲಿ ಬೈಗುಳ ಇಲ್ಲ ಅನ್ನುವುದನ್ನು ಗಮನಿಸಿ. “ಅವರ ಪಾಠಾಂತರ ಬೇರೆ” ಅಂದರೆ ಅವರು ತಪ್ಪು ಹಾಡುತ್ತಾರೆ ಅಂತಲ್ಲ. ಆದರೆ ಏನು ಹಾಡಿದರೂ ಪಾಠಾಂತರ ಆಗುವುದಿಲ್ಲ. ಅದಕ್ಕೆ ಹಿಂದೆ ಒಬ್ಬ ಗುರು ಇರಬೇಕು, ಒಂದು ದಾರಿ ಇರಬೇಕು. “ಅವರವರ ಇಷ್ಟ”ಕ್ಕೂ “ಇದೊಂದೇ ಸರಿ”ಗೂ ನಡುವೆ ಒಂದು ಜಾಗ ಇದೆ ಅಂತ ಮಕ್ಕಳಿಗೆ ತೋರಿಸಲು ಈ ಒಂದು ಶಬ್ದ ಸಾಕು.

ಬರೆದಿಟ್ಟರೆ ಎಲ್ಲ ಬಗೆಹರಿಯುತ್ತದಾ? 1904ರಲ್ಲಿ ಸುಬ್ಬರಾಮ ದೀಕ್ಷಿತರು ಸಂಗೀತ ಸಂಪ್ರದಾಯ ಪ್ರದರ್ಶಿನಿ ಅಚ್ಚು ಹಾಕಿಸಿದರು. ಮುತ್ತುಸ್ವಾಮಿ ದೀಕ್ಷಿತರ ಕೃತಿಗಳನ್ನು ಸ್ವರ ಸಮೇತ ಬರೆದರು. ಬರೀ ಸ್ವರ ಅಲ್ಲ, ಕಂಪಿತ, ಸ್ಫುರಿತ, ನೊಕ್ಕು, ಜಾರು ಅಂತ ಸ್ವರವನ್ನು ಅಲುಗಾಡಿಸುವ, ಜಾರಿಸುವ ಒಂದೊಂದು ಗಮಕಕ್ಕೂ ಒಂದೊಂದು ಗುರುತು ಹಾಕಿದರು. ಇಷ್ಟು ಸೂಕ್ಷ್ಮವಾಗಿ ಬರೆದಿಟ್ಟ ಗ್ರಂಥ ನಮ್ಮಲ್ಲಿ ಅಪರೂಪ. ಆದರೂ ಅದೇ ಪುಟವನ್ನು ಇಬ್ಬರು ವಿದ್ಯಾರ್ಥಿಗಳ ಮುಂದೆ ಇಟ್ಟರೆ ಇಬ್ಬರೂ ಬೇರೆ ಬೇರೆ ಹಾಡುತ್ತಾರೆ. ಸ್ವರ ಅಲುಗಾಡಬೇಕು ಅಂತ ಗುರುತು ಹೇಳುತ್ತದೆ. ಎಷ್ಟು, ಎಷ್ಟು ಹೊತ್ತು, ಎಲ್ಲಿ ನಿಲ್ಲಬೇಕು ಅಂತ ಹೇಳುವುದಿಲ್ಲ. ಅದು ಕಿವಿಯಿಂದಲೇ ಬರಬೇಕು.

ತರಗತಿಯಲ್ಲಿ ನಾನು ಹೆಚ್ಚು ಬಳಸುವುದು ದಾಸರ ಪದಗಳನ್ನು. ಸಾಹಿತ್ಯ ಉಳಿದಿದೆ, ಬಹುತೇಕ ಪದಗಳ ಮೂಲ ಧಾಟಿ ಉಳಿದಿಲ್ಲ. ಪುರಂದರದಾಸರ ಭಾಗ್ಯದ ಲಕ್ಷ್ಮೀ ಬಾರಮ್ಮ ತೆಗೆದುಕೊಳ್ಳಿ. ಕರ್ನಾಟಕ ಸಂಗೀತದವರು ಮಧ್ಯಮಾವತಿ ರಾಗದಲ್ಲಿ ಹಾಡುವುದು ರೂಢಿ. ಭೀಮಸೇನ ಜೋಶಿಯವರು ಹಾಡಿದ ರೀತಿಯೇ ಬೇರೆ. ಇಬ್ಬರೂ ಹಾಡಿದ್ದು ಅದೇ ಹಾಡಾ ಅಂತ ಕೇಳಿದರೆ ಮಕ್ಕಳು ಹೌದು ಅಂತಾರೆ. ಹಾಗಾದರೆ ಹಾಡು ಅಂದರೆ ಬರೀ ಮಾತಾ? ಸರಿ, ಮಾತನ್ನು ಸುಮ್ನೆ ಓದುತ್ತೇನೆ, ಹಾಡಾಯಿತಾ? ಇಲ್ಲ ಅಂತಾರೆ. ಧಾಟಿಯನ್ನು ಮಾತಿಲ್ಲದೆ ಗುನುಗುತ್ತೇನೆ, ಈಗ? ಅಲ್ಲಿ ತಲೆ ಕೆರೆದುಕೊಳ್ಳುತ್ತಾರೆ. ನಾನು ಉತ್ತರ ಹೇಳುವುದಿಲ್ಲ. ಎರಡೂ ರೀತಿಯಲ್ಲಿ ಹಾಡಿಸಿ, “ಇಲ್ಲಿ ಯಾವ ಮಾತಿಗೆ ಭಾರ ಬಿತ್ತು, ಅಲ್ಲಿ ಯಾವುದಕ್ಕೆ?” ಅಂತ ಕೇಳುತ್ತೇನೆ. ಒಂದರಲ್ಲಿ “ಬಾರಮ್ಮ” ಕರೆಯಾಗುತ್ತದೆ, ಇನ್ನೊಂದರಲ್ಲಿ ಸ್ವಾಗತ ಆಗುತ್ತದೆ ಅಂತ ಒಬ್ಬಳು ಹೇಳಿದ್ದಳು. ಅವಳಿಗೆ ಆಗ ಹನ್ನೊಂದು ವರ್ಷ.

ಮಂದ್ರ ಸರ್, ನೀವು ಹೇಳುವ ಹತ್ತು ವರ್ಷದ ಅಡಿಪಾಯ ನನಗೂ ಗೊತ್ತು. ನಾನೂ ಹಾಗೆಯೇ ಕಲಿತವಳು. ಆದರೆ ಆ ಹುಡುಗಿಯ ಮಾತನ್ನು ಹತ್ತು ವರ್ಷ ತಡೆಹಿಡಿಯಲು ನನಗೆ ಮನಸ್ಸು ಬರುವುದಿಲ್ಲ.


ಮಂದ್ರ_ಷಡ್ಜ:

ತಡೆಹಿಡಿಯಿರಿ ಅಂತ ನಾನು ಹೇಳಿಲ್ಲ ತಾಯಿ. ಅವಳು ಹಾಡಿ ಕಂಡುಕೊಂಡಳು, ಆಮೇಲೆ ಹೇಳಿದಳು. ಅದು ಸರಿಯಾದ ಕ್ರಮ. ಮೊದಲು ಸಿದ್ಧಾಂತ ಹೇಳಿ ಆಮೇಲೆ ಹಾಡಿಸುವುದಕ್ಕೆ ನನ್ನ ವಿರೋಧ.


ಪ್ರಶ್ನೆ_ಚಿಹ್ನೆ:

ನಾನು ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಮಾಡುತ್ತೇನೆ, ಸಂಗೀತ ಹವ್ಯಾಸಕ್ಕೆ. “ಅವರವರ ಇಷ್ಟ” ಅನ್ನುವ ಗೋಡೆ ನನ್ನ ತರಗತಿಯಲ್ಲಿ ದಿನಾ ಏಳುತ್ತದೆ, ಹಾಗಾಗಿ ಸ್ವಲ್ಪ ಹೇಳಬಲ್ಲೆ.

ಆ ಮಾತಿನಲ್ಲಿ ಎರಡು ವಿಷಯ ಅಂಟಿಕೊಂಡಿವೆ. “ನನಗೆ ಇದು ಇಷ್ಟ” ಅನ್ನುವುದು ನನ್ನ ಬಗ್ಗೆ ಹೇಳಿದ ಮಾತು. ಅದನ್ನು ಯಾರೂ ಅಲ್ಲಗಳೆಯಲು ಆಗುವುದಿಲ್ಲ, ಆಗಲೂಬಾರದು. “ಈ ಜಾಗದಲ್ಲಿ ಇದು ಹೊಂದುತ್ತದೆ” ಅನ್ನುವುದು ಸಂಗೀತದ ಬಗ್ಗೆ ಹೇಳಿದ ಮಾತು. ಅದಕ್ಕೆ ಯಾಕೆ ಅಂತ ಕೇಳಬಹುದು. ಮಕ್ಕಳು ಎರಡನೆಯದನ್ನು ಕೇಳಿದಾಗ ಮೊದಲನೆಯದರಲ್ಲಿ ಉತ್ತರ ಕೊಡುತ್ತಾರೆ. ಅಷ್ಟೇ ಆಗಿರುವುದು. ಹಾಗಾಗಿ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ. ಮೊದಲ ಐದು ನಿಮಿಷ ಇಷ್ಟ, ಕಷ್ಟ ಎಲ್ಲ ಹೇಳಿ ಮುಗಿಸಿ. ಆಮೇಲೆ “ನನಗೆ” ಅನ್ನುವ ಶಬ್ದದಿಂದ ವಾಕ್ಯ ಶುರು ಮಾಡುವಂತಿಲ್ಲ. “ಇಲ್ಲಿ” ಅಂತ ಶುರು ಮಾಡಬೇಕು. ಬಹಳ ಸಣ್ಣ ಬದಲಾವಣೆ, ಆದರೆ ಬೆರಳು ತಮ್ಮ ಎದೆಯಿಂದ ಪುಟದ ಕಡೆಗೆ ತಿರುಗುತ್ತದೆ.

ಇನ್ನೊಂದು. ಅಮೆರಿಕದ ತತ್ವಜ್ಞಾನಿ ನೆಲ್ಸನ್ ಗುಡ್‌ಮನ್ 1968ರಲ್ಲಿ ಒಂದು ವಾದ ಮುಂದಿಟ್ಟರು. ಒಂದೇ ಒಂದು ಸ್ವರ ತಪ್ಪಿದರೂ ಅದು ಆ ಕೃತಿಯ ಪ್ರದರ್ಶನ ಅಲ್ಲ ಅಂದರು. ಕೇಳಿದರೆ ಅತಿ ಅನ್ನಿಸುತ್ತದೆ. ಆದರೆ ಅವರ ಕಾರಣ ಗಟ್ಟಿ. ಒಂದು ಸ್ವರ ತಪ್ಪಿದರೂ ಪರವಾಗಿಲ್ಲ ಅಂದರೆ, ಅದರಲ್ಲಿ ಇನ್ನೊಂದು, ಅದರಲ್ಲಿ ಮತ್ತೊಂದು ಬದಲಾಯಿಸುತ್ತಾ ಬೀಥೋವನ್ ಅವರ ಐದನೇ ಸಿಂಫನಿಯಿಂದ ಶುರು ಮಾಡಿ ಒಂದು ಶಿಶುಗೀತೆಗೆ ಬಂದು ಮುಟ್ಟಬಹುದು. ಎಲ್ಲಿ ನಿಲ್ಲಿಸುತ್ತೀರಿ? ಇದಕ್ಕಿಂತ ಆಶ್ಚರ್ಯದ್ದು ಏನೆಂದರೆ, ಅಲೆಗ್ರೊ (ವೇಗವಾಗಿ), ಅಡಾಜಿಯೊ (ನಿಧಾನವಾಗಿ) ಎಂಬಂಥ ಮಾತಿನ ಸೂಚನೆಗಳು ಅವರ ಲೆಕ್ಕದಲ್ಲಿ ಬರಹದ ಕಡ್ಡಾಯ ಭಾಗವೇ ಅಲ್ಲ. ಅಂದರೆ ಎಲ್ಲ ಸ್ವರ ಸರಿಯಾಗಿ, ಸತ್ತ ಹಾಗೆ ನುಡಿಸಿದರೆ ಅದು ಬೀಥೋವನ್. ಒಂದು ಸ್ವರ ತಪ್ಪಿಸಿ ಮೈ ಜುಮ್ಮೆನ್ನುವ ಹಾಗೆ ನುಡಿಸಿದರೆ ಅಲ್ಲ!

ಇದನ್ನು ಪಾಠ ಮಾಡಬೇಡಿ, ಆಡಿಸಿ. ಎಲ್ಲರಿಗೂ ಗೊತ್ತಿರುವ ಒಂದು ಚಿಕ್ಕ ಧಾಟಿ ತೆಗೆದುಕೊಳ್ಳಿ. ಪ್ರತಿ ಸಲ ಒಂದು ಸ್ವರ ಬದಲಾಯಿಸಿ ನುಡಿಸಿ. “ಇನ್ನು ಅದೇ ಹಾಡಲ್ಲ” ಅನ್ನಿಸಿದಾಗ ಕೈ ಎತ್ತಲು ಹೇಳಿ. ಎಲ್ಲರ ಕೈ ಒಟ್ಟಿಗೆ ಏಳುವುದಿಲ್ಲ, ಆದರೆ ಎಲ್ಲರ ಕೈಯೂ ಏಳುತ್ತದೆ. ಎತ್ತಿದವರಿಗೂ ಎತ್ತದವರಿಗೂ ನಡುವೆ ಶುರುವಾಗುವ ಮಾತನ್ನು ನೀವು ನಿಲ್ಲಿಸಲು ಆಗುವುದಿಲ್ಲ.


ಬರೀ_ಕೇಳುಗ:

ಒಂದು ಸಂದೇಹ. ಇಷ್ಟೆಲ್ಲ ಯಾಕೆ ಬೇಕು? ಬರೆದವರಿಗೆ ಏನು ಬೇಕಿತ್ತು ಅಂತ ನೋಡಿದರೆ ಸಾಕಲ್ಲವೇ?


ಪ್ರಶ್ನೆ_ಚಿಹ್ನೆ:

ಹಾಗೆ ಅಂದುಕೊಂಡರೆ ಮೊದಲ ಹೆಜ್ಜೆಯಲ್ಲೇ ಕಾಲು ಸಿಕ್ಕಿಕೊಳ್ಳುತ್ತದೆ. 1930ರಲ್ಲಿ ವಾದ್ಯವೃಂದದ ನಿರ್ದೇಶಕ ಟಾಸ್ಕನೀನಿ ಪ್ಯಾರಿಸ್‌ನಲ್ಲಿ ಬೊಲೆರೊ ಅನ್ನುವ ಕೃತಿ ನುಡಿಸಿದಾಗ ಅದನ್ನು ಬರೆದ ರವೆಲ್ ಅವರೇ ಸಭೆಯಲ್ಲಿದ್ದರು. ತೀರಾ ವೇಗ ಅಂತ ಅಸಮಾಧಾನಪಟ್ಟರು. ಟಾಸ್ಕನೀನಿ ಒಪ್ಪಲಿಲ್ಲ. ಬರೆದವರು ಎದುರಿಗೆ ಇದ್ದರೂ ಜಗಳ ಮುಗಿಯಲಿಲ್ಲ. ಬೀಥೋವನ್ ಮೆಟ್ರೊನೋಮ್ ಸಂಖ್ಯೆ (ನಿಮಿಷಕ್ಕೆ ಎಷ್ಟು ಬಡಿತ ಅನ್ನುವ ಅಂಕಿ) ಕೊಟ್ಟ ಪಿಯಾನೊ ಸೊನಾಟ ಒಂದೇ ಒಂದು, ಹ್ಯಾಮರ್‌ಕ್ಲಾವಿಯರ್. ಮೊದಲ ಭಾಗಕ್ಕೆ ನಿಮಿಷಕ್ಕೆ 138 ಹಾಫ್ ನೋಟ್. ಸ್ವತಃ ಅವರದ್ದೇ ಅಂಕಿ, ಆದರೂ ಹೆಚ್ಚಿನ ಪಿಯಾನೊ ವಾದಕರು ಅದಕ್ಕಿಂತ ನಿಧಾನ ನುಡಿಸುತ್ತಾರೆ. ಅವರೆಲ್ಲರೂ ಬೀಥೋವನ್‌ಗೆ ಮೋಸ ಮಾಡುತ್ತಿದ್ದಾರೆ ಅನ್ನಲು ನನ್ನಿಂದ ಆಗದು.


ಅರ್ಧ_ಆವರ್ತ:

ನಾನು ವಿದ್ಯಾರ್ಥಿ, ಈಗ ಹದಿನೇಳು. ದೊಡ್ಡವರ ನಡುವೆ ಬರೆಯಬಹುದಾ ಗೊತ್ತಿಲ್ಲ, ಆದರೆ “ಅವರವರ ಇಷ್ಟ” ಅನ್ನುವವರಲ್ಲಿ ನಾನೂ ಒಬ್ಬ. ಯಾಕೆ ಹಾಗನ್ನುತ್ತೇವೆ ಅಂತ ಹೇಳುತ್ತೇನೆ.

ಟೀಚರ್ ಪ್ರಶ್ನೆ ಕೇಳಿದಾಗ ಅವರ ಹತ್ತಿರ ಉತ್ತರ ಇದೆ ಅಂತ ನಮಗೆ ಗೊತ್ತಿರುತ್ತದೆ. ಗೂಲ್ಡ್ ಎರಡು ಸಲ ನುಡಿಸಿದ್ದು ಕೇಳಿಸಿ ಯಾವುದು ಅಂದರೆ ಅದರಲ್ಲಿ ಏನೋ ಮರ್ಮ ಇದೆ ಅನ್ನಿಸುತ್ತದೆ. ತಪ್ಪು ಹೇಳಿದರೆ ಎಲ್ಲರ ಮುಂದೆ ಪೆಚ್ಚಾಗಬೇಕು. “ಅವರವರ ಇಷ್ಟ” ಅಂದರೆ ಯಾರೂ ತಪ್ಪು ಅನ್ನಲು ಆಗುವುದಿಲ್ಲ. ನಂಬಿಕೆಯಿಂದ ಹೇಳುವ ಮಾತಲ್ಲ ಅದು, ಬಚಾವಾಗಲು ಹೇಳುವುದು.

ಇನ್ನೊಂದು ಕಾರಣ ಪರೀಕ್ಷೆ. ಹೋದ ವರ್ಷ ಪರೀಕ್ಷೆಯಲ್ಲಿ ನನ್ನ ಹಾಳೆಯ ಮೇಲೆ “ಶೈಲಿ ಸರಿಯಿಲ್ಲ” ಅಂತ ಎರಡೇ ಶಬ್ದ ಬರೆದಿದ್ದರು. ಯಾವ ಬಾರ್, ಯಾವ ಸ್ವರ, ಯಾಕೆ ಅಂತ ಏನೂ ಇಲ್ಲ. ನಾನು ಆ ನಿಧಾನವನ್ನು ಮೂರು ವಾರ ಯೋಚಿಸಿ ಇಟ್ಟಿದ್ದೆ. ಅವತ್ತಿನಿಂದ ಯಾರಾದರೂ ಶೈಲಿ ಬಗ್ಗೆ ಕೇಳಿದರೆ ಬಾಯಿ ಕಟ್ಟಿದ ಹಾಗೆ ಆಗುತ್ತದೆ. ನಮ್ಮ ಉತ್ತರಕ್ಕೆ ಕಾರಣ ಕೇಳುವವರು ತಮ್ಮ ಉತ್ತರಕ್ಕೂ ಕಾರಣ ಹೇಳಬೇಕು, ಅಲ್ವಾ?


ಪಾಠಾಂತರ:

ಹೌದಪ್ಪ, ಹೇಳಲೇಬೇಕು. ನೀನು ಬರೆದದ್ದು ತುಂಬಾ ಒಳ್ಳೆಯದಾಯಿತು. ಆ ನಿಧಾನ ಎಲ್ಲಿ ಇಟ್ಟಿದ್ದೆ, ಯಾಕೆ ಅಂತ ಆಗುವುದಾದರೆ ಇಲ್ಲೇ ಬರಿ. ನಮ್ಮಲ್ಲಿ ಓದುವವರು ಇದ್ದಾರೆ.


ಅರ್ಧ_ಆವರ್ತ:

ಕೊನೆಯ ಸಾಲು ತಿರುಗಿ ಬರುವ ಮುಂಚೆ, ಮೇಡಂ. ಅದೇ ಧಾಟಿ ಎರಡನೇ ಸಲ ಬರುವಾಗ ಕೆಳಗಿನ ಸ್ವರ ಬದಲಾಗುತ್ತದೆ. ವೇಗವಾಗಿ ಹೋದರೆ ಬದಲಾದದ್ದು ಯಾರಿಗೂ ಕೇಳಿಸುವುದಿಲ್ಲ. ಕೇಳಿಸಲಿ ಅಂತ ನಿಧಾನ ಮಾಡಿದೆ.


ಮಂದ್ರ_ಷಡ್ಜ:

ಇದು ಬರದೆ ಮಾಡಿದ ನಿಧಾನ ಅಲ್ಲ. ಕೇಳಿ ಮಾಡಿದ್ದು. ಬಿಡಬೇಡ ಮಗು, ನುಡಿಸುತ್ತಿರು.


ಕಪ್ಪುಬಿಳಿ_ಮನೆ:

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಅರ್ಧ ಆವರ್ತ ಹೇಳಿದ್ದು ಎದೆಗೆ ನಾಟಿತು. ನನ್ನ ಪ್ರಶ್ನೆಯಲ್ಲಿ ನಿಜವಾಗಿಯೂ ಮರ್ಮ ಇತ್ತು. ಹೆಸರು ಮುಚ್ಚಿಟ್ಟು ಕೇಳಿಸಿ, ಆಮೇಲೆ ತೆರೆದು ತೋರಿಸಿದೆ. ಮಕ್ಕಳಿಗೆ ಅದು ಪರೀಕ್ಷೆಯಂತೆ ಕಂಡಿರಬೇಕು.

ಹಾಗಾಗಿ ಈ ವಾರ ನನಗೇ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಹಿಡಿದುಕೊಂಡು ಹೋದೆ. ಬೀಥೋವನ್ ಅವರ ಸಿ ಶಾರ್ಪ್ ಮೈನರ್ ಸೊನಾಟ, 1801ರದ್ದು. ಎಲ್ಲರೂ ಮೂನ್‌ಲೈಟ್ ಅನ್ನುತ್ತಾರೆ. ಆ ಹೆಸರು ಬೀಥೋವನ್ ಇಟ್ಟದ್ದಲ್ಲ. ಅವರು 1827ರಲ್ಲಿ ತೀರಿಕೊಂಡ ಮೇಲೆ, ರೆಲ್‌ಸ್ಟಾಬ್ ಅನ್ನುವ ವಿಮರ್ಶಕರು ಬೆಳದಿಂಗಳಿಗೆ ಹೋಲಿಸಿದ್ದರಿಂದ ಅಂಟಿಕೊಂಡಿತು. ಅದನ್ನು ಮೊದಲೇ ಹೇಳಿಬಿಟ್ಟೆ, ಮುಚ್ಚಿಡಲಿಲ್ಲ. ಮೊದಲ ಪುಟದ ಮೇಲೆ ಇಟಾಲಿಯನ್‌ನಲ್ಲಿ ಅವರೇ ಬರೆದ ಒಂದು ಸೂಚನೆ ಇದೆ: ಈ ಇಡೀ ಭಾಗವನ್ನು ತುಂಬಾ ನವಿರಾಗಿ, ಡ್ಯಾಂಪರ್ (ತಂತಿಯ ನಾದ ಅಡಗಿಸುವ ಮೆತ್ತೆ) ಇಲ್ಲದೆ ನುಡಿಸಬೇಕು. ಅಂದರೆ ಬಲಗಾಲಿನ ಪೆಡಲ್ ಒತ್ತಿ ಹಿಡಿಯಬೇಕು, ತಂತಿಗಳು ತಾವಾಗಿಯೇ ತಣ್ಣಗಾಗುವವರೆಗೂ ಮೊಳಗುತ್ತಲೇ ಇರಬೇಕು.

ಅವರ ಕಾಲದ ಪಿಯಾನೊದಲ್ಲಿ ನಾದ ಬೇಗ ಅಡಗುತ್ತಿತ್ತು. ಈಗಿನದರಲ್ಲಿ ಅಡಗುವುದಿಲ್ಲ. ಪಿಯಾನೊ ಮುಚ್ಚಳ ತೆಗೆದೆ. ಇಬ್ಬರು ಒಳಗೆ ಬಗ್ಗಿ ತಂತಿ ನೋಡುತ್ತಾ ನಿಂತರು. ಒಬ್ಬಳು ಪೆಡಲ್ ಬಿಡದೆ ಮೊದಲ ನಾಲ್ಕು ಬಾರ್ ನುಡಿಸಿದಳು. ಎಡಗೈ ಸಿ ಶಾರ್ಪ್, ಬಿ, ಎ, ಎಫ್ ಶಾರ್ಪ್, ಜಿ ಶಾರ್ಪ್ ಅಂತ ಇಳಿದು ಏರುವ ಹೊತ್ತಿಗೆ ಮೊದಲು ಹೊಡೆದ ಸ್ವರ ಇನ್ನೂ ಮೊಳಗುತ್ತಿತ್ತು. ಎಲ್ಲ ಕಲಸಿಹೋಯಿತು. ಬಗ್ಗಿ ನಿಂತಿದ್ದ ಹುಡುಗ, “ಮಿಸ್, ಹಳೆಯದು ಸಾಯ್ತಾನೇ ಇಲ್ಲ” ಅಂದ.

ಆಮೇಲೆ ಬಾರ್‌ಗೊಂದು ಸಲ ಪೆಡಲ್ ಬದಲಾಯಿಸಿ ನುಡಿಸಿದಳು. ಶುಭ್ರವಾಗಿತ್ತು. ಆದರೆ ಬೀಥೋವನ್ ಬೇಡ ಅಂದದ್ದು ಅದನ್ನೇ.

“ಇಲ್ಲಿ” ಅಂತ ಶುರು ಮಾಡುವ ನಿಯಮ ಹಾಕಿದೆ. ಈ ಸಲ ಯಾರೂ “ಅವರವರ ಇಷ್ಟ” ಅನ್ನಲಿಲ್ಲ. ಒಬ್ಬ, ಇಲ್ಲಿ ಬರೆದಿದೆ, ಬರೆದ ಹಾಗೆ ಮಾಡಬೇಕು, ಕಲಸಿದರೆ ಕಲಸಲಿ ಅಂದ. ಇನ್ನೊಬ್ಬಳು, ಇಲ್ಲಿ ಬರೆದದ್ದು ಆ ಪಿಯಾನೊಗೆ, ನಮ್ಮದಕ್ಕಲ್ಲ ಅಂದಳು. ಹಾಗಾದರೆ ನಾವು ಈ ಪಿಯಾನೊದಲ್ಲಿ ನುಡಿಸಲೇಬಾರದಾ ಅಂತ ಮತ್ತೊಬ್ಬ. ಜೋರು ಮಾತುಗಳ ನಡುವೆ, ಯಾವತ್ತೂ ಬಾಯಿ ಬಿಡದ ಒಬ್ಬ ಹುಡುಗಿ ಮೆಲ್ಲಗೆ ಕೇಳಿದಳು: “ಅವರು ಇದನ್ನು ಬರೆದದ್ದು ಕಾಲಿಗಾ ಕಿವಿಗಾ?”

ನನಗೆ ಮಾತೇ ಹೊರಡಲಿಲ್ಲ. ಕಾಲಿಗೆ ಬರೆದದ್ದಾದರೆ ಪೆಡಲ್ ಒತ್ತಿಕೊಂಡೇ ಇರಬೇಕು. ಕಿವಿಗೆ ಬರೆದದ್ದಾದರೆ ಅವರಿಗೆ ಕೇಳಿಸುತ್ತಿದ್ದ ಆ ಮಂಜು ಮಂಜು ನಾದವನ್ನು ಬೇರೆ ದಾರಿಯಿಂದ ತರಬೇಕು. ಆದರೆ ಅದು ಎಷ್ಟು ಮಂಜಾಗಿತ್ತು ಅಂತ ತಿಳಿಯಬೇಕಲ್ಲ? ಅವರ ಶ್ರವಣ ಶಕ್ತಿ ಆಗಲೇ ಕುಗ್ಗತೊಡಗಿತ್ತು ಅನ್ನುವುದೂ ನೆನಪಾಯಿತು. ಅದನ್ನು ಹೇಳಿದಾಗ ಕೋಣೆ ನಿಶ್ಶಬ್ದವಾಯಿತು.


ಎಡಗೈ_ಪಿಟೀಲು:

ಓದಿ ಮೈ ಜುಮ್ಮೆಂದಿತು. ಕಾಲಿಗಾ ಕಿವಿಗಾ! ಪಿಟೀಲಿನಲ್ಲೂ ಇದೇ ಕಥೆ. ಹಳೆಯ ಪುಟಗಳಲ್ಲಿ ಕಮಾನಿನ ಗುರುತುಗಳಿರುತ್ತವೆ. ಈಗಿನ ಕಮಾನಿನ ಆಕಾರ, ತೂಕ ಬೇರೆ. ಗುರುತು ಕೈಗಾ ಕಿವಿಗಾ ಅಂತ ನಾಳೆಯೇ ಕೇಳುತ್ತೇನೆ.


ಮಂದ್ರ_ಷಡ್ಜ:

ಮೇಡಂ, ಒಂದು ಕೇಳಬೇಕು. ಮಾತೆಲ್ಲ ಆಯಿತು. ಕೊನೆಗೆ ಹೇಗೆ ನುಡಿಸಬೇಕು ಅಂತ ಅವರಿಗೆ ನೀವು ಹೇಳಿದಿರಾ? ಮಗು ಮನೆಗೆ ಹೋಗಿ ಅಭ್ಯಾಸ ಮಾಡಬೇಕಲ್ಲ.


ಕಪ್ಪುಬಿಳಿ_ಮನೆ:

ಹೇಳಲಿಲ್ಲ ಸರ್, ಯಾಕೆಂದರೆ ನನಗೂ ತೀರ್ಮಾನ ಆಗಿರಲಿಲ್ಲ. ಆದರೆ ನೀವು ಹೇಳಿದ ಕ್ರಮ ನೆನಪಿಟ್ಟುಕೊಂಡೆ. ಆ ನಾಲ್ಕು ಬಾರ್‌ಗಳನ್ನು ಮೂರು ರೀತಿಯಲ್ಲಿ ನುಡಿಸಲು ಬರುವವರೆಗೆ ಯಾರೂ ಒಂದನ್ನು ಆರಿಸುವಂತಿಲ್ಲ ಅಂತ ಹೇಳಿ ಕಳಿಸಿದೆ. ಪೆಡಲ್ ಪೂರ್ತಿ ಹಿಡಿದು ಒಂದು, ಬದಲಾಯಿಸಿ ಒಂದು, ಅರ್ಧ ಒತ್ತಿ ಒಂದು.

ಕಾಲಿಗಾ ಕಿವಿಗಾ ಅಂತ ಕೇಳಿದ ಹುಡುಗಿ ನಿನ್ನೆ ಒಂಟಿ ಪಾಠಕ್ಕೆ ಬಂದಿದ್ದಳು. ಮೂರೂ ನುಡಿಸಿದಳು. ಆಮೇಲೆ ನಾನು ಹೇಳದ ನಾಲ್ಕನೆಯದೊಂದು ನುಡಿಸಿದಳು. ಪೆಡಲ್ ಪೂರ್ತಿ ಒತ್ತಿದ್ದಾಳೆ, ಬಿಡುತ್ತಲೇ ಇಲ್ಲ, ಆದರೆ ಎಡಗೈಯನ್ನು ಮುಟ್ಟಿಯೂ ಮುಟ್ಟದ ಹಾಗೆ ಇಟ್ಟಿದ್ದಾಳೆ. ಕೆಳಗಿನ ಸ್ವರಗಳು ಹುಟ್ಟುವಾಗಲೇ ಸಣ್ಣಗಿರುವುದರಿಂದ ಒಂದನ್ನೊಂದು ನುಂಗುವುದಿಲ್ಲ. ಸ್ವಲ್ಪ ಮಂಜು ಇದೆ, ಕಲಸಿಲ್ಲ. “ನವಿರಾಗಿ ಅಂತಲೂ ಬರೆದಿದ್ದಾರಲ್ಲ ಮಿಸ್, ಅದನ್ನು ನಾವು ಮರೆತಿದ್ವಿ” ಅಂದಳು.

ಸದ್ಯಕ್ಕೆ ನಾಲ್ಕನೇ ಬಾರ್‌ವರೆಗೆ ಆಗಿದೆ. ಐದನೆಯದರ ಕೊನೆಗೆ ಮೇಲಿನ ಧಾಟಿ ಶುರುವಾಗುತ್ತದೆ. ಅದು ಈ ಮಂಜಿನೊಳಗಿಂದ ಹೇಗೆ ಎದ್ದು ಬರಬೇಕು ಅಂತ ಇಬ್ಬರೂ ಅರ್ಧ ಗಂಟೆ ಹುಡುಕಿದೆವು, ಸಿಗಲಿಲ್ಲ. ಶನಿವಾರ ಮತ್ತೆ ಬರುತ್ತಾಳೆ.